ಕೂಗುವ ಪೆಟ್ಟಿಗೆಯೂ ಆರ್ಲೀನಳ ಪಾತ್ರೆಯೂ

ಒಂದಾನೊಂದು ಊರು. ಆ ಊರಿನಲ್ಲಿ ಎಲ್ಲರಿಗೂ ಕಾರಿತ್ತು, ಎಲ್ಲರಿಗೂ ಅವಸರವಿತ್ತು. ಎಲ್ಲಿಗೆ ಎಂದು ಕೇಳಿದರೆ ನಿಂತು ಹೇಳುವ ಪುರಸೊತ್ತು ಮಾತ್ರ ಯಾರಿಗೂ ಇರಲಿಲ್ಲ. ಅಂಥ ಊರಿನಲ್ಲಿ ಅವಸರವೆಂದರೇನೆಂದು ತಿಳಿಯದ ಒಬ್ಬ ಮನುಷ್ಯನಿದ್ದ. ಅವನಿಗೊಬ್ಬಳು ಹೆಂಡತಿ, ಒಂದು ಉದ್ದನೆಯ ಹಸಿರು ಕಾರು, ಮತ್ತು ಕೊಟ್ಟು ಮರೆತ ಒಂದು ಮಾತು. ರಾಜಕುಮಾರರಾದರೆ ಏಳು ಸಮುದ್ರ ದಾಟಿ ಬಂಗಾರದ ಹೂವು ತರಲು ಹೋಗುತ್ತಾರೆ. ಇವನು ಹೋಗಬೇಕಾಗಿದ್ದದ್ದು ಒಂದು ಗಾಜಿನ ಪಾತ್ರೆಯನ್ನು ಅದರ ಒಡೆಯನಿಗೆ ಹಿಂದಿರುಗಿಸಲು. ಎರಡರಲ್ಲಿ ಯಾವುದು ಕಷ್ಟವೆಂಬುದನ್ನು ಪೂರ್ತಿ ಕೇಳಿದ ಮೇಲೆ ನೀವೇ ತೀರ್ಮಾನಿಸಿ.

ಊರಿನ ಹೆಸರು ಸಾರೆಲ್ ಕ್ರೀಕ್. ಒಹಾಯೊ ಸೀಮೆಯ ದಕ್ಷಿಣದ ಗುಡ್ಡಗಳ ನಡುವೆ, ಜೋಳದ ಹೊಲಗಳಿಗೆ ಅಂಟಿಕೊಂಡು ಇದೆ. ಮನುಷ್ಯನ ಹೆಸರು ಡೆಲ್ಬರ್ಟ್ ಹ್ಯಾಕ್‌ನಿ. ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸು ಬಿಟ್ಟರೂ ಬಸ್ಸು ಅವನನ್ನು ಬಿಟ್ಟಿರಲಿಲ್ಲ. ಕಾರಿನ ಮುಳ್ಳು ನಲವತ್ತೆರಡು ಮೈಲಿ ಮುಟ್ಟಿತೆಂದರೆ ಅವನ ಕಾಲು ತಾನಾಗಿಯೇ ಮೇಲೇಳುತ್ತಿತ್ತು. ರೈಲುಹಳಿ ಬಂತೆಂದರೆ ಕಾರು ನಿಲ್ಲಿಸಿ, ಬಾಗಿಲು ತೆರೆದು, ಎರಡೂ ಕಡೆ ಕಿವಿಗೊಟ್ಟು, ರೈಲಿಲ್ಲವೆಂದು ಖಾತ್ರಿಯಾದ ಮೇಲೆ ಬಾಗಿಲೆಳೆದುಕೊಂಡು ದಾಟುತ್ತಿದ್ದ. ಮಕ್ಕಳಿರುವ ಬಸ್ಸಿಗೆ ಅದು ಕಾನೂನು. ಆ ಹಳಿಯ ಮೇಲೆ ರೈಲು ಓಡುವುದು ನಿಂತು ಹನ್ನೊಂದು ವರ್ಷವಾಗಿತ್ತು, ಅದು ಬೇರೆ ಮಾತು. ಅವನ ಕಾರಿನ ಹಿಂದೆ ಬಾಲದಂತೆ ಬೆಳೆಯುತ್ತಿದ್ದ ಕಾರುಗಳ ಸಾಲಿಗೆ ಊರಿನವರು ಹ್ಯಾಕ್‌ನಿ ಮೆರವಣಿಗೆ ಎಂದು ಹೆಸರಿಟ್ಟಿದ್ದರು. ಆದರೆ ನಲವತ್ತು ದಾಟದವರೆಲ್ಲರೂ ಒಂದಲ್ಲ ಒಂದು ಕಾಲಕ್ಕೆ ಅವನ ಬಸ್ಸಿನಲ್ಲಿ ಕೂತು ಬೆಳೆದವರೇ ಆದ್ದರಿಂದ ಯಾರೂ ಹಾರನ್ ಒತ್ತುತ್ತಿರಲಿಲ್ಲ. ಮೆರವಣಿಗೆ ಗೌರವದಿಂದ ಸಾಗುತ್ತಿತ್ತು.

ಆ ವರ್ಷ ಜೂನ್ ತಿಂಗಳಲ್ಲಿ ಡೆಲ್ಬರ್ಟನ ಹೆಂಡತಿ ಲೊರೀನ್ ಹಿತ್ತಲ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆ ಊರಿನಲ್ಲಿ ಒಂದು ಮನೆಯಲ್ಲಿ ಕಾಯಿಲೆಯೋ ಸಾವೋ ಆದರೆ ಉಳಿದ ಮನೆಗಳವರೆಲ್ಲ ಅಗಲ ಗಾಜಿನ ಪಾತ್ರೆಗಳಲ್ಲಿ ಅಡುಗೆ ಬೇಯಿಸಿ ತಂದುಕೊಡುತ್ತಾರೆ. ಪಾತ್ರೆಯ ತಳಕ್ಕೆ ಟೇಪು ಅಂಟಿಸಿ ಒಡತಿಯ ಹೆಸರು ಬರೆದಿರುತ್ತದೆ. ಹಾಗೆ ಬಂದ ಹದಿನಾಲ್ಕು ಪಾತ್ರೆಗಳಲ್ಲಿ ಒಂದನ್ನು ತಂದವನು ಗ್ರೇಡಿ ಸ್ಟೌಟ್. ಅವನು ಆ ಜಿಲ್ಲೆಯ ಪೊಲೀಸ್ ಡೆಪ್ಯುಟಿ. ರಸ್ತೆ ಬದಿಯ ಪೊದೆ, ಹಲಗೆ, ಕೊಟ್ಟಿಗೆಗಳ ಮರೆಯಲ್ಲಿ ಕಾರು ನಿಲ್ಲಿಸಿಕೊಂಡು, ರೇಡಾರಿನಿಂದ ವೇಗ ಅಳೆದು, ಅತಿವೇಗದವರನ್ನು ಅಡ್ಡಗಟ್ಟುವುದು ಅವನ ಕೆಲಸ. ಇನ್ನೂ ಮದುವೆಯಾಗದ ಹುಡುಗ. ತಾಯಿ ಆರ್ಲೀನ್ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ತಾಯಿ ಮಾಡುತ್ತಿದ್ದ ಹಾಗೆಯೇ ಟ್ಯೂನಾ ಮೀನು, ನೂಡಲ್ಸ್ ಬೇಯಿಸಿ, ಮೇಲೆ ಆಲೂಗಡ್ಡೆ ಚಿಪ್ಸ್ ಪುಡಿಮಾಡಿ ಉದುರಿಸಿ, ತಾಯಿಯ ಪಾತ್ರೆಯಲ್ಲೇ ತಂದು ಬಾಗಿಲಲ್ಲಿ ಕೊಟ್ಟು ಹೋಗಿದ್ದ.

ಹದಿಮೂರು ಪಾತ್ರೆಗಳು ವಾರದೊಳಗೆ ಮನೆ ಸೇರಿದವು. ಹದಿನಾಲ್ಕನೆಯದನ್ನು ನಾಳೆಯೇ ಕೊಟ್ಟು ಬರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟ ಡೆಲ್ಬರ್ಟ್ ಅದನ್ನು ಮರೆಯದಿರಲೆಂದು ಗ್ಯಾರೇಜಿನಲ್ಲಿ ಕಾರಿನ ಪಕ್ಕ ಇಟ್ಟ. ಅಲ್ಲಿ ಅದು ಕಣ್ಣಿಗೆ ಎಷ್ಟು ಅನುಕೂಲವಾಗಿ ಕಾಣುತ್ತಿತ್ತೆಂದರೆ ಮಾರನೆಯ ದಿನವೇ ಅದರಲ್ಲಿ ಬಾಗಿಲಿನ ತಿರುಪುಗಳನ್ನು ಹಾಕಿದ. ಆಮೇಲೆ ಮೊಳೆಗಳು ಬಂದವು. ಆಗಸ್ಟ್ ಬಂತು.

ಆಗಸ್ಟಿನ ಒಂದು ಸೋಮವಾರ, ಊರುಗೋಲು ಹಿಡಿದು ಮೊದಲ ಬಾರಿಗೆ ಗ್ಯಾರೇಜಿನ ತನಕ ನಡೆದ ಲೊರೀನಳ ಕಣ್ಣಿಗೆ ಪಾತ್ರೆ ಬಿತ್ತು. ಅವಳು ಕೂಗಾಡಲಿಲ್ಲ. ತಿರುಪುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, ಪಾತ್ರೆ ಬೋರಲು ಹಾಕಿ, ತಳದ ಟೇಪನ್ನು ನೋಡಿದಳು. ನೀಲಿ ಶಾಯಿಯಲ್ಲಿ, ಬಾಲ ತಿರುವಿದ ಅಕ್ಷರಗಳಲ್ಲಿ, ಆರ್ಲೀನ್ ಸ್ಟೌಟ್ ಎಂದಿತ್ತು.

“ಆರ್ಲೀನ್ ಹೋಗಿ ಇನ್ನೂ ವರ್ಷ ಆಗಿಲ್ಲ. ಅವಳ ಕೈಬರಹ ಇನ್ನು ಎಷ್ಟು ಕಡೆ ಉಳಿದಿದೆಯೋ. ನೀನು ಅದರಲ್ಲಿ ತಿರುಪು ಹಾಕಿದೀಯ ಡೆಲ್ಬರ್ಟ್” ಎಂದಳು.

ಗ್ರೇಡಿ ಯಾಕೆ ಬಂದು ಕೇಳಲಿಲ್ಲ ಎಂದು ಡೆಲ್ಬರ್ಟ್ ಮೆಲ್ಲಗೆ ಗೊಣಗಿದ. ಅದಕ್ಕೆ ಲೊರೀನ್ ನೋಡಿದ ನೋಟವನ್ನು ಇಲ್ಲಿ ವಿವರಿಸದಿರುವುದೇ ಮೇಲು. ಆ ಸೀಮೆಯಲ್ಲಿ ಹುಟ್ಟಿ ಬೆಳೆದ ಯಾರೂ ಕೊಟ್ಟ ಪಾತ್ರೆಯನ್ನು ವಾಪಸು ಕೇಳುವುದಿಲ್ಲ, ನೆನಪಿಸುವುದಿಲ್ಲ, ಆ ಪಾತ್ರೆ ಎದುರಿಗೇ ಇದ್ದರೂ ಅದರ ಕಡೆ ಕಣ್ಣು ಹಾಯಿಸುವುದಿಲ್ಲ. ಕೊಡಬೇಕಾದವರಿಗೇ ಗೊತ್ತಿರಬೇಕು. ಲೊರೀನ್ ನಲವತ್ತು ವರ್ಷದಲ್ಲಿ ಒಬ್ಬರ ಪಾತ್ರೆಯನ್ನೂ ಏಳು ದಿನಕ್ಕಿಂತ ಹೆಚ್ಚು ಇಟ್ಟುಕೊಂಡವಳಲ್ಲ. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಅವಳ ಮಾತಿಗಿದ್ದ ತೂಕವೆಲ್ಲ ಆ ಒಂದು ಗುಣದಿಂದ ಬಂದದ್ದು. ಸಾಲದ್ದಕ್ಕೆ ಗ್ರೇಡಿ ತಾಯಿಯ ಮನೆ ಮಾರಿಬಿಟ್ಟಿದ್ದ. ಜಿಲ್ಲಾ ಕೇಂದ್ರದಲ್ಲಿ ಯಾರದೋ ಮನೆಯ ಸೋಫಾದ ಮೇಲೆ ಮಲಗುತ್ತಿದ್ದ. ಶನಿವಾರ ಸಂಜೆ ಐದಕ್ಕೆ ಇಲ್ಲಿಯ ಕೆಲಸ ಮುಗಿಸಿ ಉತ್ತರದ ಸರೋವರದಂಚಿನ ಜಿಲ್ಲೆಗೆ ಹೊರಟುಹೋಗುವವನಿದ್ದ.

ಲೊರೀನ್ ಒಂದೊಂದಾಗಿ ಮೂರು ಬೆರಳೆತ್ತಿ ಮೂರು ಷರತ್ತು ಹಾಕಿದಳು. ಪಾತ್ರೆ ಖಾಲಿ ಹೋಗಬಾರದು, ಶನಿವಾರ ಹಿತ್ತಲ ಪೀಚ್ ಹಣ್ಣಿನದು ಏನಾದರೂ ಮಾಡಿಕೊಡುತ್ತೇನೆ, ಮೊದಲೇ ಅವನು ಸಿಕ್ಕರೆ ಹಣ್ಣನ್ನೇ ತುಂಬಿಕೊಡು. ಅವನ ಕೈಗೇ ಕೊಡಬೇಕು. ಠಾಣೆಯ ಮೇಜಿಗೂ ಅಲ್ಲ, ಕಂಡವರ ಜಗುಲಿಗೂ ಅಲ್ಲ. ಕೊಟ್ಟು, ಬಾಯಿ ತೆರೆದು ಥ್ಯಾಂಕ್ಸ್ ಹೇಳಬೇಕು. “ಇನ್ನೊಂದು ವಿಷಯ” ಎಂದಳು. “ಆರು ವಾರದ ಮೇಲೆ ಪಾತ್ರೆ ಇಟ್ಕೊಂಡಿದ್ವಿ ಅಂತ ಊರಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಕೂಡದು. ಗೊತ್ತಾಯ್ತೋ, ನಾನು ಮತ್ತೆ ಚರ್ಚಿನ ಅಡುಗೆಮನೆಗೆ ಕಾಲಿಡಲ್ಲ.”

ಈ ಕೊನೆಯ ಮಾತೇ ಮುಂದಿನ ಎಲ್ಲ ಅನಾಹುತಗಳ ತಾಯಿ.

ಸೋಮವಾರ ಮತ್ತು ಮಂಗಳವಾರ ಡೆಲ್ಬರ್ಟ್ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿಟ್ಟುಕೊಂಡು ಜಿಲ್ಲೆಯ ರಸ್ತೆಗಳನ್ನೆಲ್ಲ ಅಳೆದ. ಅವಿತುಕೊಳ್ಳುವುದನ್ನೇ ಉದ್ಯೋಗ ಮಾಡಿಕೊಂಡವನನ್ನು ಹುಡುಕುವುದು ಸುಲಭವಲ್ಲವೆಂದು ಅವನಿಗೆ ಆಗ ತಿಳಿಯಿತು. ಎದುರಿನಿಂದ ಬಂದ ಟ್ರಕ್ಕಿನವನೊಬ್ಬ ಹೆಡ್‌ಲೈಟನ್ನು ಎರಡು ಸಲ ಮಿಣುಕಿಸಿದ. ಮುಂದೆ ಪೊಲೀಸ್ ಕೂತಿದ್ದಾನೆ, ನಿಧಾನ ಎಂದು ಆ ದೇಶದ ರಸ್ತೆಗಳಲ್ಲಿ ಅಪರಿಚಿತರು ಅಪರಿಚಿತರಿಗೆ ಮಾಡುವ ಉಪಕಾರ ಅದು. ಎಂದೂ ಅದರ ಅಗತ್ಯ ಬೀಳದ ಡೆಲ್ಬರ್ಟ್ ತನ್ನ ಲೈಟು ಹಾಳಾಗಿದೆಯೆಂದು ತಿಳಿದು, ಕಾರು ನಿಲ್ಲಿಸಿ, ಇಳಿದು, ಎರಡೂ ಲೈಟುಗಳನ್ನು ಕರವಸ್ತ್ರದಿಂದ ಒರೆಸಿದ. ಅಷ್ಟರಲ್ಲಿ ಗ್ರೇಡಿಯ ಕಾರು ಎದುರಿನಿಂದಲೇ ಹಾದುಹೋಯಿತು. ಡೆಲ್ಬರ್ಟ್ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡುವ ಹೊತ್ತಿಗೆ ಧೂಳು ಮಾತ್ರ ಉಳಿದಿತ್ತು.

ಠಾಣೆಗೆ ಫೋನು ಮಾಡಿ, ಡೆಪ್ಯುಟಿ ಗ್ರೇಡಿ ಇವತ್ತು ಯಾವ ಪೊದೆಯ ಹಿಂದೆ ಕೂತಿರುತ್ತಾನೆ ಎಂದು ಸೌಜನ್ಯದಿಂದಲೇ ವಿಚಾರಿಸಿದ. ಫೋನಿನಲ್ಲಿದ್ದ ನೊರೀನ್ ಎಂಬಾಕೆ ಅದನ್ನು ಹೇಳುವಂತಿಲ್ಲ ಎಂದಳು. ಯಾಕೆ ಬೇಕು ಎಂದಳು. ಡೆಲ್ಬರ್ಟ್ ಬೆವರಿ, ಅದನ್ನೂ ಹೇಳುವಂತಿಲ್ಲ ಎಂದು ಫೋನಿಟ್ಟ. ಮಾರನೆಯ ದಿನ ಮತ್ತೆ ಮಾಡಿದ.

ಮಂಗಳವಾರ ಸಂಜೆ ಲೊರೀನಳ ತಮ್ಮ ವರ್ಲಿನ್ ಬಂದ. ಟ್ರಾಕ್ಟರ್ ಬಿಡಿಭಾಗ ಮಾರುತ್ತ ಐದು ಜಿಲ್ಲೆ ಸುತ್ತುವವನು. ಅವನ ಕಾರಿನ ಕನ್ನಡಿಯ ಕೆಳಗೆ ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಕಪ್ಪು ಪೆಟ್ಟಿಗೆ ಅಂಟಿಕೊಂಡಿತ್ತು. ರೇಡಾರ್ ಡಿಟೆಕ್ಟರ್, ಅಂದರೆ ಪೊಲೀಸರ ರೇಡಾರ್ ಹತ್ತಿರವಿದ್ದರೆ ಕೂಗಿ ಎಚ್ಚರಿಸುವ ಯಂತ್ರ. ಅದನ್ನು ಕೊಂಡುಕೋ ಎಂದು ಅವನು ಇಪ್ಪತ್ತು ವರ್ಷದಿಂದ ಸಿಕ್ಕ ಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದ. ಭಾವನಿಗೂ ಪ್ರತಿ ಹಬ್ಬದ ಊಟದಲ್ಲಿ ಮಾಡಿದ್ದ. ಭಾವ ಪ್ರತಿ ಸಲವೂ ಆಲೂಗಡ್ಡೆ ಬಡಿಸಿಕೊಳ್ಳುತ್ತ ಕೂತಿದ್ದ. ಇವತ್ತು ಹಾಗಾಗಲಿಲ್ಲ.

“ಪೊಲೀಸು ಎಲ್ಲಿ ಕೂತಿದ್ರೂ ಕೂಗುತ್ತಾ ಇದು?” ಎಂದ ಡೆಲ್ಬರ್ಟ್.

“ಗುಡ್ಡದ ಆಚೆ ಕೂತಿದ್ರೂ ಕೂಗುತ್ತೆ. ಅರ್ಧ ಮೈಲಿ ಮೊದಲೇ.”

“ಅಂದ್ರೆ ಅವನು ಎಲ್ಲಿದಾನೆ ಅಂತ ಹೇಳುತ್ತೆ.”

“ಅದಕ್ಕೇ ಅಲ್ವಾ ಡೆಲ್ ಇರೋದು.”

ಡೆಲ್ಬರ್ಟನ ಕಣ್ಣು ತುಂಬಿ ಬಂತು. ಇಪ್ಪತ್ತು ವರ್ಷದ ಉಪದೇಶ ಕಡೆಗೂ ಫಲಿಸಿತೆಂದು ವರ್ಲಿನ್‌ನ ಕಣ್ಣೂ ತುಂಬಿತು. ಇಬ್ಬರೂ ಆಗಲೇ ಹೊರಟು, ಹೆದ್ದಾರಿಯ ಟ್ರಕ್ ತಂಗುದಾಣದ ಅಂಗಡಿಯಲ್ಲಿ, ಹುಲ್ಲು ಕತ್ತರಿಸುವ ಹೊಸ ಯಂತ್ರಕ್ಕೆಂದು ತೆಗೆದಿಟ್ಟಿದ್ದ ದುಡ್ಡಿನಲ್ಲಿ ಒಂದನ್ನು ಕೊಂಡರು. ಹೀಗೆ, ಜಗತ್ತಿನಲ್ಲಿ ಎಲ್ಲರೂ ಪೊಲೀಸಿನಿಂದ ತಪ್ಪಿಸಿಕೊಳ್ಳಲು ಕೊಳ್ಳುವ ಯಂತ್ರವನ್ನು ಪೊಲೀಸನ್ನು ಹಿಡಿಯಲು ಕೊಂಡ ಮೊದಲ ಮನುಷ್ಯ ಡೆಲ್ಬರ್ಟ್ ಹ್ಯಾಕ್‌ನಿಯಾದ.

ಬುಧವಾರ ಬೆಳಿಗ್ಗೆ ಊರಿನ ಮುಖ್ಯ ಬೀದಿಯಲ್ಲೇ ಪೆಟ್ಟಿಗೆ ಕೂಗಿತು. ಅದೂ ಎಂಥ ಕೂಗು, ಬಾಣಲೆಗೆ ಬಿದ್ದ ಸಾಸಿವೆಯಂತೆ. ಡೆಲ್ಬರ್ಟ್ ಕಾರು ನಿಲ್ಲಿಸಿ ನೋಡಿದ: ಎದುರಿಗೆ ದಿನಸಿ ಅಂಗಡಿ. ಟವೆಲಿನ ಗಂಟನ್ನು ಕಂಕುಳಲ್ಲಿ ಹಿಡಿದು ಒಳಗೆ ಹೋಗಿ ಗ್ರೇಡಿಯನ್ನು ತರಕಾರಿಗಳ ನಡುವೆ ಹುಡುಕಿದ, ಬ್ರೆಡ್ಡಿನ ಸಾಲಿನಲ್ಲಿ ಹುಡುಕಿದ, ತಣ್ಣನೆಯ ಮಾಂಸದ ಪೆಟ್ಟಿಗೆಗಳ ಹಿಂದೆ ಬಗ್ಗಿ ನೋಡಿದ. ಹೊರಬಂದ. ಪೆಟ್ಟಿಗೆ ಇನ್ನೂ ಕೂಗುತ್ತಿತ್ತು. ಮತ್ತೆ ಒಳಗೆ ಹೋದ. ಜನ ಬಂದಾಗ ತಾನಾಗಿ ತೆರೆದುಕೊಳ್ಳುವ ಆ ಅಂಗಡಿಯ ಗಾಜಿನ ಬಾಗಿಲಿನ ಮೇಲೂ ಒಂದು ಪುಟ್ಟ ರೇಡಾರ್ ಇದೆ, ಪೆಟ್ಟಿಗೆಗೆ ಬಾಗಿಲೂ ಒಂದೇ, ಪೊಲೀಸೂ ಒಂದೇ ಎಂಬುದನ್ನು ವರ್ಲಿನ್ ಹೇಳಿರಲಿಲ್ಲ. ವರ್ಲಿನ್ ತನ್ನ ಯಂತ್ರದ ಹಿರಿಮೆ ಮಾತ್ರ ಹೇಳುವವನು.

ಮೂರನೆಯ ಸಲ ಒಳಬಂದಾಗ ಅಂಗಡಿಯ ಮ್ಯಾನೇಜರ್ ಅವನನ್ನು ಪಕ್ಕಕ್ಕೆ ಕರೆದ. ಒಂದು ಕಾಲದಲ್ಲಿ ಬಸ್ಸಿನ ನಾಲ್ಕನೇ ಸೀಟಿನಲ್ಲಿ ಕೂರುತ್ತಿದ್ದ ಹುಡುಗ.

“ಮಿಸ್ಟರ್ ಹ್ಯಾಕ್‌ನಿ, ಯಾರನ್ನ ನೋಡ್ತಿದೀರಾ?”

“ಪೊಲೀಸ್ ಏನಾದ್ರೂ ಒಳಗಿದಾನಾ?”

ಮ್ಯಾನೇಜರ್ ಕಿಟಕಿಯಾಚೆ ಹಸಿರು ಕಾರನ್ನೂ ಅದರೊಳಗೆ ಕೆಂಪಗೆ ಮಿನುಗುತ್ತಿದ್ದ ಪೆಟ್ಟಿಗೆಯನ್ನೂ ನೋಡಿದ. ಕಂಕುಳಿನ ಗಂಟನ್ನು ನೋಡಿದ. ಅವನ ಎದೆಯಲ್ಲಿ ಹಳೆಯ ಋಣ ಉಕ್ಕಿತು. “ಇಲ್ಲ ಸರ್” ಎಂದು ಪಿಸುಗುಟ್ಟಿದ. “ಬೇಕಾದ್ರೆ ಹಿಂದಿನ ಬಾಗಿಲಲ್ಲಿ ಹೋಗಿ. ನಾನು ನಿಮ್ಮನ್ನ ನೋಡೇ ಇಲ್ಲ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ದೇಶದಲ್ಲೂ ಇದ್ದಾರೆ. ಮಧ್ಯಾಹ್ನದ ಹೊತ್ತಿಗೆ ಇಡೀ ಸಾರೆಲ್ ಕ್ರೀಕ್‌ಗೆ ವಿಷಯ ಮುಟ್ಟಿತು: ಡೆಲ್ಬರ್ಟ್ ಹ್ಯಾಕ್‌ನಿ ರೇಡಾರ್ ಡಿಟೆಕ್ಟರ್ ಕೊಂಡಿದ್ದಾನೆ. ಎದುರುಮನೆಯ ಇಲಾ ಮೇ ಪ್ರೂಯಿಟ್ ತನ್ನ ಜಗುಲಿಯಿಂದ ಅವನ ಅಂಗಳದ ಹುಲ್ಲನ್ನು ಲೆಕ್ಕ ಹಿಡಿದು ನೋಡುತ್ತಿದ್ದವಳು. ಹುಲ್ಲು ಮೊಣಕಾಲಿಗೆ ಬಂದಿತ್ತು. ಅಂಗಳದ ಹುಲ್ಲು ಕತ್ತರಿಸುವುದನ್ನು ಬಿಟ್ಟವನು ಇನ್ನೇನನ್ನೂ ಬಿಟ್ಟಾನು ಎಂಬುದು ಆ ಬೀದಿಯ ನಂಬಿಕೆ. ತಪ್ಪು ಮಾಡದವನಿಗೆ ಅಂಥ ಯಂತ್ರ ಯಾಕೆ ಬೇಕು, ಹೆಂಡತಿ ಹಾಸಿಗೆ ಹಿಡಿದಾಗ ಗಂಡಸರಿಗೆ ಹೀಗೇ ಆಗುತ್ತದೆ, ನನ್ನ ಚಿಕ್ಕಪ್ಪ ಇದೇ ವಯಸ್ಸಿನಲ್ಲಿ ಮೋಟರ್ ಬೈಕು ತಗೊಂಡ ಎಂದು ಅವಳು ಫೋನಿನಲ್ಲಿ ಒಂಬತ್ತು ಮನೆಗಳಿಗೆ ವಿವರಿಸಿದಳು.

ಗುರುವಾರ ಬೆಳಿಗ್ಗೆ ಚೌಕದ ಹೋಟೆಲಿನಲ್ಲಿ ಆದದ್ದು ಬೇರೆಯೇ. ದಿನಾ ಅಲ್ಲಿ ಕೂತು ಮೊಟ್ಟೆ ತಿನ್ನುವ ರೈತರು ಇಷ್ಟು ವರ್ಷ ಅವನನ್ನು ಬಸವನಹುಳು ಎಂದು ಕರೆದವರು. ಅಂದು ಅವನು ಒಳಬಂದ ಕೂಡಲೇ ಜಾಗ ಬಿಟ್ಟು ಸರಿದರು. ಒಬ್ಬ ಕಾಫಿ ತರಿಸಿದ. ನಿನ್ನೆ ಮಿಲ್ ತಿರುವಿನಲ್ಲಿ ನಿನ್ನ ಕಾರು ಎಪ್ಪತ್ತರಲ್ಲಿ ಹೋಯಿತಂತೆ, ನನ್ನ ಷಡ್ಡಕ ಕಣ್ಣಾರೆ ಕಂಡನಂತೆ ಎಂದ ಇನ್ನೊಬ್ಬ. ಎಪ್ಪತ್ತಲ್ಲ, ಎಂಬತ್ತು ಎಂದ ಮೂರನೆಯವನು. ಡೆಲ್ಬರ್ಟ್ ಆ ತಿರುವಿನಲ್ಲಿ ಮೂವತ್ತೆಂಟರಲ್ಲಿ ಹೋಗಿದ್ದ, ಅದೂ ಇಳಿಜಾರಾದ್ದರಿಂದ. ಹಾಗೆಂದು ಹೇಳಲು ಬಾಯಿ ತೆರೆದ. ಹೇಳಿದರೆ, ಮತ್ತೆ ಪೆಟ್ಟಿಗೆ ಯಾಕೆ ಎಂದು ಕೇಳುತ್ತಾರೆ. ಯಾಕೆಂದು ಹೇಳಿದರೆ ಪಾತ್ರೆ ಹೊರಬೀಳುತ್ತದೆ. ಬಾಯಿಗೆ ಕಾಫಿ ಹಾಕಿಕೊಂಡು ಸುಮ್ಮನಾದ. ನಿಜವಾದ ವೀರರು ಮಾತಾಡುವುದಿಲ್ಲ ಎಂದು ರೈತರು ತಲೆದೂಗಿದರು.

ಅಂದಿನಿಂದ ಊರಿಗೆ ಊರೇ ಅವನ ರಕ್ಷಣೆಗೆ ನಿಂತಿತು. ಗ್ರೇಡಿ ಎಲ್ಲಿ ಕೂತಿದ್ದರೂ, ಹಸಿರು ಕಾರು ಕಂಡ ತಕ್ಷಣ ಎದುರಿನಿಂದ ಬಂದವರೆಲ್ಲ ಲೈಟು ಮಿಣುಕಿಸುತ್ತಿದ್ದರು. ಪಾದ್ರಿಯ ಹೆಂಡತಿಯೂ ಮಿಣುಕಿಸಿದಳು. ಅದರ ಅರ್ಥ ಅಷ್ಟರಲ್ಲಿ ತಿಳಿದುಕೊಂಡಿದ್ದ ಡೆಲ್ಬರ್ಟ್ ಮುಖವರಳಿಸಿ, ಕೈಬೀಸಿ, ನಲವತ್ತೆರಡರಲ್ಲಿ ಆ ಕಡೆಗೇ ಧಾವಿಸುತ್ತಿದ್ದ. ಅಪಾಯದ ಸುದ್ದಿ ಕೇಳಿ ನಗುತ್ತ ಅಪಾಯದ ಕಡೆಗೇ ಹೋಗುವವನನ್ನು ಕಂಡು ಜನರ ಬೆರಗು ಇಮ್ಮಡಿಯಾಯಿತು. ಆದರೆ ಹೋಗಿ ನೋಡಿದರೆ ಪೊದೆಯ ಹಿಂದೆ ಟಯರಿನ ಗುರುತು ಮಾತ್ರ. ಪೆಟ್ಟಿಗೆಯೂ ತೆಪ್ಪಗಿರುತ್ತಿತ್ತು. ಅದು ಕೂಗಿದ್ದು ದಿನಸಿ ಅಂಗಡಿಯ ಮುಂದೆ, ಬ್ಯಾಂಕಿನ ಮುಂದೆ, ಲೊರೀನಳನ್ನು ಡಾಕ್ಟರಿಗೆ ತೋರಿಸಲು ಹೋದಾಗ ಆಸ್ಪತ್ರೆಯ ಮುಂದೆ.

ಶುಕ್ರವಾರ ಪಾದ್ರಿ ಎಂಬ್ರಿ ಮನೆಗೇ ಬಂದರು. ಲೊರೀನಳ ಸೊಂಟದ ಬಗ್ಗೆ ವಿಚಾರಿಸಿ, ಪ್ರಾರ್ಥನೆ ಮಾಡಿ, ನಿಂಬೆ ಶರಬತ್ತು ಕುಡಿದು, ಡೆಲ್ಬರ್ಟನನ್ನು ಗ್ಯಾರೇಜಿಗೆ ಕರೆದೊಯ್ದರು. ವಯಸ್ಸಾದಾಗ ಬರುವ ಪ್ರಲೋಭನೆಗಳ ಬಗ್ಗೆ ಸುದೀರ್ಘವಾಗಿ ಮಾತಾಡಿದರು. ಮಾತಾಡುತ್ತಲೇ ಕಾರಿನೊಳಗೆ ಬಗ್ಗಿ ಪೆಟ್ಟಿಗೆಯನ್ನು ಮುಟ್ಟಿ ನೋಡಿದರು.

“ಸುಳ್ಳುಸುಳ್ಳೇ ಕೂಗುತ್ತೆ ಅಂತಾರಲ್ಲ, ಹೌದಾ ಡೆಲ್ಬರ್ಟ್?”

“ಬರೀ ಸುಳ್ಳೇ ಪಾದ್ರಿಗಳೇ. ಬೇಕಾದಾಗ ಕೂಗಲ್ಲ, ಬೇಡದಾಗ ಕೂಗುತ್ತೆ.”

“ಮನಸ್ಸಾಕ್ಷೀನೂ ಹಾಗೇನೇ” ಎಂದು ಪಾದ್ರಿ ನಿಟ್ಟುಸಿರಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, ಸೇತುವೆಯ ಆಚೆಯ ಇಳಿಜಾರಿನಲ್ಲಿ ಇದು ಕೆಲಸ ಮಾಡುತ್ತದೆಯೇ ಎಂದು ಕೇಳಿದರು. ಅಲ್ಲಿ ಅವರನ್ನು ಎರಡು ಸಲ ಹಿಡಿದಿದ್ದರು.

ಇಷ್ಟಕ್ಕೆಲ್ಲ ಕಾರಣನಾದ ಗ್ರೇಡಿ ಏನು ಮಾಡುತ್ತಿದ್ದ? ಅವನ ವಿಷಯ ಕೊನೆಯಲ್ಲಿ ಬರುತ್ತದೆ. ಸದ್ಯ ಶನಿವಾರ ಬಂತು.

ಶನಿವಾರ ಮಧ್ಯಾಹ್ನ ಮೂರಕ್ಕೆ ಡೆಲ್ಬರ್ಟ್ ಸೋತು ಬಂದು ಅಡುಗೆಮನೆಯಲ್ಲಿ ಕೂತ. ಲೊರೀನ್ ಊರುಗೋಲನ್ನು ಒಲೆಗೆ ಒರಗಿಸಿ, ಎತ್ತರದ ಸ್ಟೂಲಿನ ಮೇಲೆ ಕೂತು, ಆರ್ಲೀನಳ ಪಾತ್ರೆಯಲ್ಲೇ ಪೀಚ್ ಹಣ್ಣಿನ ಕಾಬ್ಲರ್ ಬೇಯಿಸಿ ಇಳಿಸಿದ್ದಳು. ಹಣ್ಣಿನ ರಸ ಮೇಲಿನ ಹಿಟ್ಟಿನ ಸಂದಿಯಲ್ಲಿ ಇನ್ನೂ ಕುದಿಯುತ್ತಿತ್ತು. ಬಿಸಿಗೆ ಸುಟ್ಟುಹೋಗಬಾರದೆಂದು ತಳದ ಟೇಪನ್ನು ಮೊದಲೇ ಮೆಲ್ಲಗೆ ಬಿಡಿಸಿ ತೆಗೆದಿಟ್ಟಿದ್ದವಳು, ಪಾತ್ರೆ ಆರಿದ ಮೇಲೆ ಅದನ್ನು ಮತ್ತೆ ಅಂಟಿಸಿ ಹೆಬ್ಬೆರಳಿನಿಂದ ಒತ್ತಿದಳು. ಗಂಡನ ಮುಖ ನೋಡಿದಳು.

ಮೂರು ದಿನದಿಂದ ಅವಳು ಊರಿನ ಮಾತುಗಳನ್ನೆಲ್ಲ ಫೋನಿನಲ್ಲಿ ಕೇಳಿದ್ದಳು. ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ. ತನ್ನ ಮಾನ ಉಳಿಸಲು ಈ ಮನುಷ್ಯ ತನ್ನ ಮೂವತ್ತೊಂದು ವರ್ಷದ ಹೆಸರನ್ನು ಬೀದಿಗೆ ಸುರಿದು ಒಂದು ಮಾತೂ ಆಡದೆ ಬಂದು ಕೂತಿದ್ದಾನೆ ಎಂದು ಅವಳಿಗೆ ತಿಳಿದಿತ್ತು. ಅದನ್ನು ಹೇಳುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ.

“ನೀನು ಅವನನ್ನ ಹುಡುಕಿದ್ದು ಸಾಕು” ಎಂದಳು. “ಅವನೇ ನಿನ್ನನ್ನ ಹುಡುಕ್ಕೊಂಡು ಬರೋ ಹಾಗೆ ಮಾಡು.”

“ಹೇಗೆ?”

“ಬೇರೆಯೋರೆಲ್ಲ ಹೇಗೆ ಮಾಡ್ತಾರೋ ಹಾಗೆ.”

ಡೆಲ್ಬರ್ಟ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಬಿಳಚಿತು. ಎದ್ದು, ಟೋಪಿ ಹಾಕಿಕೊಂಡ. ಪಾತ್ರೆಯನ್ನು ಪಕ್ಕದ ಸೀಟಿನಲ್ಲಿ ಟವೆಲಿನ ಮೇಲೆ ಕೂರಿಸಿ, ಶಾಲೆಗೆ ಹೊಸದಾಗಿ ಸೇರಿದ ಮಗುವಿಗೆ ಹಾಕುವ ಹಾಗೆ ಸೀಟ್ ಬೆಲ್ಟ್ ಹಾಕಿ, ಎಳೆದು ನೋಡಿದ. ಗಂಟೆ ನಾಲ್ಕೂಕಾಲು.

ಧಾನ್ಯದ ಗೋದಾಮಿನ ಮುಂದೆ ಎರಡು ಮೈಲಿ ನೆಟ್ಟಗೆ ಹೋಗುವ ರಸ್ತೆಯೊಂದಿದೆ. ಅಲ್ಲಿಗೆ ಹೋಗಲು ರೈಲುಹಳಿ ದಾಟಬೇಕು. ಕಾನೂನು ಮುರಿಯಲು ಹೊರಟಿದ್ದ ಡೆಲ್ಬರ್ಟ್ ಹಳಿಯ ಬಳಿ ಕಾರು ನಿಲ್ಲಿಸಿ, ಬಾಗಿಲು ತೆರೆದು, ಎರಡೂ ಕಡೆ ಕಿವಿಗೊಟ್ಟು ಕೇಳಿ, ಬಾಗಿಲು ಹಾಕಿಕೊಂಡು ದಾಟಿದ.

ಆಮೇಲೆ ಪೆಡಲು ಒತ್ತಿದ.

ಕಾರಿಗೆ ಮೊದಲು ನಂಬಿಕೆ ಬರಲಿಲ್ಲ. ಕೆಮ್ಮಿತು. ನಲವತ್ತೆರಡರಲ್ಲಿ ಕಾಲು ಮೇಲೇಳಲು ನೋಡಿತು. ಡೆಲ್ಬರ್ಟ್ ಕೈಯಿಂದ ಮೊಣಕಾಲನ್ನು ಒತ್ತಿಹಿಡಿದ. ಐವತ್ತು. ಕಿಟಕಿಗಳು ನಡುಗಿದವು. ಐವತ್ತೈದು, ಅಲ್ಲಿಯ ಮಿತಿ. ಅರವತ್ತು. ಯಾವ ಕಾಲದಲ್ಲೋ ಕಳೆದುಹೋಗಿದ್ದ ಒಂದು ಪೆನ್ನು ಎಲ್ಲಿಂದಲೋ ಉರುಳಿಬಂತು. ಅರವತ್ತಾರು. ಅದೇ ಹೊತ್ತಿಗೆ, ಮುಂದೆ ಹಾಲಿನ ಟ್ಯಾಂಕರ್ ಒಂದು ಗೋದಾಮು ದಾಟುತ್ತಿದ್ದ ಹಾಗೇ, ಕಪ್ಪು ಪೆಟ್ಟಿಗೆ ಪ್ರಾಣ ಹೋಗುವಂತೆ ಕೂಗಿಕೊಂಡಿತು. ಸುತ್ತ ಒಂದು ಬಾಗಿಲೂ ಇರಲಿಲ್ಲ. ಬರೀ ಜೋಳ. ಡೆಲ್ಬರ್ಟ್ ಆ ಪೆಟ್ಟಿಗೆಯನ್ನು ಮುದ್ದಿಸುವುದೊಂದು ಬಾಕಿ.

ಗೋದಾಮಿನ ನೆರಳಲ್ಲಿ ಗ್ರೇಡಿಯ ಕಾರು ನಿಂತಿತ್ತು. ಹಸಿರು ಕಾರು ಎಪ್ಪತ್ತರಲ್ಲಿ ಅವನ ಮುಂದೆ ಹಾದುಹೋಯಿತು. ಆಗ ಕಂಡದ್ದನ್ನು ಡೆಲ್ಬರ್ಟ್ ಎಷ್ಟು ವರ್ಷವಾದರೂ ಮರೆಯಲಾರ: ಗ್ರೇಡಿ ರೇಡಾರನ್ನು ಆರಿಸಿ, ಟೋಪಿಯನ್ನು ಕಣ್ಣಿನ ಮೇಲೆಳೆದು, ಮುಖವನ್ನು ಜೋಳದ ಹೊಲದ ಕಡೆಗೆ ತಿರುಗಿಸಿಕೊಂಡ. ಪೆಟ್ಟಿಗೆ ಗಪ್ಪನೆ ಸುಮ್ಮನಾಯಿತು. ಹಿಂದೆ ಯಾರೂ ಬರಲಿಲ್ಲ.

ಡೆಲ್ಬರ್ಟ್ ರಸ್ತೆಯ ತುದಿಯಲ್ಲಿ ಸೂಚಕದ ದೀಪ ಹಾಕಿ, ಮೂರು ಸಲ ಹಿಂದೆ ಮುಂದೆ ನೋಡಿ, ಕಾರು ತಿರುಗಿಸಿ ಮತ್ತೆ ಬಂದ. ಈ ಸಲ ಹಾರನ್ ಒತ್ತಿಕೊಂಡೇ ಹೋದ. ಗ್ರೇಡಿ ಹೊಲವನ್ನು ಇನ್ನೂ ಆಸಕ್ತಿಯಿಂದ ನೋಡತೊಡಗಿದ. ಗೋದಾಮಿನ ಕೆಲಸಗಾರರು ಹೊರಬಂದು ಚೀಲಗಳ ಮೇಲೆ ಹತ್ತಿ ನಿಂತರು. ಚೌಕದ ಹೋಟೆಲಿನ ರೈತರಲ್ಲಿ ಇಬ್ಬರು ಅಲ್ಲೇ ಇದ್ದರು. ಒಬ್ಬ ಟೋಪಿ ತೆಗೆದು ಎದೆಗಿಟ್ಟುಕೊಂಡ. ಮೂರನೆಯ ಸಲ ಡೆಲ್ಬರ್ಟ್ ಎಪ್ಪತ್ನಾಲ್ಕರಲ್ಲಿ, ಹಾರನ್ ಒತ್ತುತ್ತ, ಕಿಟಕಿಯಿಂದ ಕೈ ಹೊರಚಾಚಿ ಬಾ ಬಾ ಎಂದು ಕರೆಯುತ್ತ ಹೋದ. ಅಷ್ಟು ಜನರ ಮುಂದೆ ಇನ್ನು ಕಾಣದಂತಿರುವುದು ಗ್ರೇಡಿಗೆ ಸಾಧ್ಯವಾಗಲಿಲ್ಲ. ಅವನ ಕಾರಿನ ನೆತ್ತಿಯ ದೀಪ ಹತ್ತಿತು.

ಡೆಲ್ಬರ್ಟ್ ಪಕ್ಕಕ್ಕೆ ನಿಲ್ಲಿಸಿ, ಎಚ್ಚರಿಕೆಯ ದೀಪಗಳನ್ನು ಮಿಣುಕಿಸಿ, ಅಭ್ಯಾಸಬಲದಿಂದ ಬಾಗಿಲು ತೆರೆದ. ಗ್ರೇಡಿ ನಿಧಾನವಾಗಿ ನಡೆದು ಬಂದ. ಅವನ ಮುಖ ಸಾವಿನ ಮನೆಯಿಂದ ಬಂದವನಂತಿತ್ತು.

“ಯಾಕೆ ಸರ್ ಹೀಗೆ ಮಾಡಿದ್ರಿ” ಎಂದ. “ನೀವು ಪೆಟ್ಟಿಗೆ ತಗೊಂಡಿದೀರಾ, ದಿನಾ ಫೋನ್ ಮಾಡಿ ನಾನೆಲ್ಲಿದೀನಿ ಕೇಳ್ತೀರಾ ಅಂತ ನೊರೀನ್ ಹೇಳಿದಾಗಿಂದ ನಿಮ್ಮ ಕಾರು ಕಂಡ್ರೆ ಸಾಕು, ರೇಡಾರ್ ಆರಿಸಿ ಓಡಿಹೋಗ್ತಿದೀನಿ. ಒಂಬತ್ತು ವರ್ಷ ನಿಮ್ಮ ಬಸ್ಸಲ್ಲಿ ಕೂತೋನು ನಾನು. ನನ್ನ ಕೊನೇ ವಾರದಲ್ಲಿ, ನನ್ನ ಕೈಯಿಂದಲೇ ನಿಮಗೆ ಮೊದಲನೇ ದಂಡದ ಚೀಟಿ ಹರೀಬೇಕಾ?”

ಡೆಲ್ಬರ್ಟ್ ಸೀಟ್ ಬೆಲ್ಟ್ ಬಿಚ್ಚಿ, ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ಅವನ ಕೈಗಿಟ್ಟ.

ಗ್ರೇಡಿ ನೋಡಿದ. ಒಳಗೆ ಕಾಬ್ಲರ್ ಇದ್ದದ್ದರಿಂದ ಪಾತ್ರೆಯನ್ನು ಬೋರಲು ಹಾಕುವಂತಿರಲಿಲ್ಲ. ಅದನ್ನು ಹಾಗೇ ತಲೆಯ ಮೇಲಕ್ಕೆತ್ತಿ, ಕತ್ತು ಹಿಂದಕ್ಕೆ ಬಾಗಿಸಿ, ಬಿಸಿಲಿಗೆ ಹಿಡಿದು, ತಳವನ್ನು ಓದಿದ. ಗೋದಾಮಿನ ಚೀಲಗಳ ಮೇಲೆ ನಿಂತವರಿಗೆ, ಪೊಲೀಸನೊಬ್ಬ ರಸ್ತೆ ನಡುವೆ ಪಾತ್ರೆಯೊಂದನ್ನು ಆಕಾಶಕ್ಕೆ ಅರ್ಪಿಸುತ್ತಿರುವಂತೆ ಕಂಡಿತು. ತುಂಬ ಹೊತ್ತು ಅವನು ಹಾಗೇ ನಿಂತಿದ್ದ. ಪೀಚ್ ರಸದ ಒಂದು ಹನಿ ಜಾರಿ ಅವನ ಹಣೆಯ ಮೇಲೆ ಬಿತ್ತು.

“ಕಳೆದೇಹೋಯ್ತು ಅಂದ್ಕೊಂಡಿದ್ದೆ” ಎಂದ. “ಕೇಳೋಹಾಗೂ ಇರಲಿಲ್ಲ.”

“ಗೊತ್ತು ಮಗಾ. ಈಗ ಚೀಟಿ ಬರಿ. ಮಿತಿ ಐವತ್ತೈದು, ನಾನು ಎಪ್ಪತ್ನಾಲ್ಕರಲ್ಲಿದ್ದೆ. ಬಸ್ಸಲ್ಲಿ ಎದ್ದು ನಿಂತೋರನ್ನ ನಾನು ಯಾವತ್ತಾದ್ರೂ ಬಿಟ್ಟಿದೀನಾ?”

ಗ್ರೇಡಿ ಪಾತ್ರೆಯನ್ನು ಎದೆಗೆ ಒತ್ತಿಕೊಂಡು ಮೊದಲ ಬಾರಿಗೆ ನಕ್ಕ. “ರೇಡಾರ್ ಆರಿಸಿದ್ದೆನಲ್ಲ ಸರ್, ನನ್ನ ಹತ್ರ ಅಂಕಿನೇ ಇಲ್ಲ. ಅಂಕಿ ಇಲ್ಲದೆ ಏನಂತ ಬರೀಲಿ? ಎಲ್ಲ ನಿಮ್ಮ ಪೆಟ್ಟಿಗೆ ಮಹಿಮೆ.” ಆ ಮಾತು ಗೋದಾಮಿನವರ ಕಿವಿಗೂ ಬಿತ್ತು, ಮುಂದಿನ ಇಪ್ಪತ್ತು ವರ್ಷ ವರ್ಲಿನ್ ಆ ಒಂದೇ ವಾಕ್ಯದ ಬಲದಿಂದ ಆ ಯಂತ್ರವನ್ನು ಐದು ಜಿಲ್ಲೆಗಳಿಗೆ ಶಿಫಾರಸು ಮಾಡಿದ.

ಡೆಲ್ಬರ್ಟ್ ಹೊರಟ. ಮತ್ತೆ ನಲವತ್ತೆರಡು. ಗೋದಾಮಿನವರು ಚಪ್ಪಾಳೆ ತಟ್ಟಿದರು. ಯಾವುದಕ್ಕೆಂದು ತಿಳಿಯದೆ ಅವನು ಟೋಪಿ ಮುಟ್ಟಿ ವಂದಿಸಿದ. ಎದೆ ಹಗುರವಾಗಿತ್ತು. ರೈಲುಹಳಿ ಬಂತು. ನಿಲ್ಲಿಸಿದ. ಬಾಗಿಲು ತೆರೆದು ಕಿವಿಗೊಟ್ಟ. ಗಾಳಿಗೆ ಜೋಳದ ಗರಿ ಸರಸರ ಎನ್ನುತ್ತಿತ್ತು. ಆ ಸದ್ದಿಲ್ಲದ ಸದ್ದಿನಲ್ಲಿ ಲೊರೀನಳ ಮೂರು ಬೆರಳುಗಳು ಕಣ್ಣ ಮುಂದೆ ಬಂದವು. ಖಾಲಿ ಕೊಡಬಾರದು: ಆಯಿತು. ಕೈಗೇ ಕೊಡಬೇಕು: ಆಯಿತು.

ಮೂರನೆಯ ಬೆರಳು ನೆಟ್ಟಗೆ ನಿಂತೇ ಇತ್ತು.

ಗಡಿಯಾರ ನೋಡಿದ: ಐದಕ್ಕೆ ಏಳು ನಿಮಿಷ. ಗ್ರೇಡಿ ಹೋಗಿಬಿಟ್ಟಿರಬೇಕು. ಉತ್ತರಕ್ಕೆ ಹೋದನೋ, ಠಾಣೆಗೆ ಹೋದನೋ, ಯಾವ ರಸ್ತೆ ಹಿಡಿದನೋ. ಡೆಲ್ಬರ್ಟ್ ಸ್ಟೀರಿಂಗ್ ಚಕ್ರದ ಮೇಲೆ ಹಣೆಯಿಟ್ಟು ಕೂತ.

ಆಗ ಪೆಟ್ಟಿಗೆ ಕೂಗಿತು.

ಮೊದಲು ಒಂದು ಸಲ, ಅಳುಕುತ್ತ. ಆಮೇಲೆ ಬಿಡದೆ. ಹತ್ತಿರದಲ್ಲಿ ದಿನಸಿ ಅಂಗಡಿಯಿಲ್ಲ, ಬ್ಯಾಂಕಿಲ್ಲ, ಆಸ್ಪತ್ರೆಯಿಲ್ಲ. ಹಸಿರು ಕಾರು ದೂರವಾಯಿತೆಂದು ಧೈರ್ಯವಾಗಿ ಗ್ರೇಡಿ ಗೋದಾಮಿನ ನೆರಳಲ್ಲೇ ತನ್ನ ಕೊನೆಯ ಏಳು ನಿಮಿಷದ ಕೆಲಸಕ್ಕೆ ರೇಡಾರ್ ಹಾಕಿ ಕೂತಿದ್ದ. ಇಡೀ ವಾರ ಸುಳ್ಳು ಹೇಳಿದ ಯಂತ್ರ, ಅದನ್ನು ಕೊಂಡ ಕೆಲಸಕ್ಕೆ ಈಗ ನಿಜವಾಗಿ ಒದಗಿತು. ಡೆಲ್ಬರ್ಟ್ ಅದರ ಬೆನ್ನು ತಟ್ಟಿ, ಬಾಗಿಲೆಳೆದುಕೊಂಡು, ಕಾರು ತಿರುಗಿಸಿದ.

ಗೋದಾಮಿನ ಬಳಿ ಗ್ರೇಡಿ ಬಾಯಿಗೆ ಚಮಚ ಹಾಕಿಕೊಂಡು ಕೂತಿದ್ದ. ಪಾತ್ರೆ ಅವನ ತೊಡೆಯ ಮೇಲಿತ್ತು. ಹಸಿರು ಕಾರು ಮತ್ತೆ ಬರುವುದನ್ನು ಕಂಡು ಅವನ ಕೈ ತಾನಾಗಿ ರೇಡಾರಿನ ಗುಂಡಿಗೆ ಹೋಯಿತು. ಡೆಲ್ಬರ್ಟ್ ಪಕ್ಕದಲ್ಲಿ ಬಂದು ನಿಲ್ಲಿಸಿ, ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಟೋಪಿ ತೆಗೆದ.

“ಥ್ಯಾಂಕ್ಸ್ ಗ್ರೇಡಿ” ಎಂದ. “ಲೊರೀನ್ ಹೇಳು ಅಂದಿದ್ಲು.”